ಹೊಂಗೆಹಳ್ಳ ಮುಚ್ಚುವ ಹುಕುಂ

ಹೊಸದಾಗಿ ಖಾಕಿ ತೊಟ್ಟ ಹುಡುಗರು ನನ್ನನ್ನು ಕಂಡರೆ ಮೊದಲು ಕೇಳುವ ಪ್ರಶ್ನೆ ಒಂದೇ: “ಸಾರ್, ನಿಮ್ಮ ಸರ್ವಿಸ್ಸಿನಲ್ಲಿ ಹುಲಿ ನೋಡಿದ್ದೀರಾ?” ಇಲ್ಲಪ್ಪ, ಎಮ್ಮೆ ನೋಡಿದ್ದೇನೆ. ಬೇಕಾದಷ್ಟು ನೋಡಿದ್ದೇನೆ. ಕಾಡಿನ ನೌಕರಿ ಎಂದರೆ ಕೋವಿ, ಆನೆ, ಡೇರೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾ ಬರುವವರಿಗೆ ನಾನು ಹೇಳುವುದಿಷ್ಟು. ನಿಮ್ಮ ಆಯುಷ್ಯದ ಅರ್ಧ ಎಮ್ಮೆಯ ಹಿಂದೆ ಹೋಗುತ್ತದೆ, ಉಳಿದರ್ಧ ಎಮ್ಮೆಯ ಯಜಮಾನರ ಜೊತೆ ಜಗಳದಲ್ಲಿ ಹೋಗುತ್ತದೆ. ಮಧ್ಯೆ ಮಧ್ಯೆ ಮೇಲಧಿಕಾರಿಗಳು ಬರುತ್ತಾರೆ. ಎಮ್ಮೆಯಾದರೆ ಗದರಿದರೆ ಸರಿದುಕೊಳ್ಳುತ್ತದೆ, ಅವರಿಗೆ ಗದರುವ ಹಾಗಿಲ್ಲ.

ನನಗೆ ಒಪ್ಪಿಸಿದ್ದು ಹೊಂಗೆಹಳ್ಳದ ಕಾವಲು. ನನ್ನ ಅತ್ತೆಮನೆಯವರು ಬಹಳ ಕಾಲ ಅದನ್ನು ‘ಅಳಿಯಂದ್ರು ರಾತ್ರಿ ಕಾವಲಿಗೆ ಹೋಗ್ತಾರೆ’ ಎಂದೇ ತಿಳಿದಿದ್ದರು. ಈಗಿನ ಹುಡುಗರೂ ಹಾಗೇ ತಿಳಿಯುತ್ತಾರೆ, ಅದಕ್ಕೆ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಕಾವಲು ಎಂದರೆ ದನ ನುಗ್ಗದಂತೆ ಕಾಯ್ದಿಟ್ಟ ಹುಲ್ಲಿನ ಬಯಲು. ಮೈಸೂರಿನಿಂದ ಇಲವಾಲದ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಎಡಕ್ಕೆ ಇಳಿದರೆ ಎರಡು ದಿಬ್ಬಗಳ ನಡುವೆ ಒಂದು ತಗ್ಗು, ಆ ತಗ್ಗಿನಲ್ಲಿ ಒಂದು ಸಣ್ಣ ತೊರೆ. ತೊರೆಯ ಎರಡು ದಡಕ್ಕೂ ಜೌಗು, ಜೌಗಿನ ತುಂಬ ಸೊಂಟದವರೆಗೆ ಬೆಳೆಯುವ ಹುಲ್ಲು, ಮೇಲಕ್ಕೆ ಹೋದಂತೆ ಹೊಂಗೆ, ನೇರಳೆ, ಅತ್ತಿ ಮರಗಳು. ಅರಮನೆಯ ಲಾಯದ ಕುದುರೆಗಳಿಗೆಂದು ಆ ಹುಲ್ಲನ್ನು ಮುಂಚಿನಿಂದ ಕಾಪಾಡಿಕೊಂಡು ಬಂದಿದ್ದರು. ಬೇಸಿಗೆಯಲ್ಲಿ ಊರೆಲ್ಲ ಒಣಗಿ ಬೆಂಡಾದರೂ ಆ ಹಳ್ಳ ಮಾತ್ರ ಹಸಿರಾಗಿರುತ್ತಿತ್ತು.

ದಿಬ್ಬದ ಮೇಲೆ ಗಾರ್ಡಿನ ಮನೆ. ನಾನು, ನನ್ನ ಹೆಂಡತಿ ಜಯಮ್ಮ, ಮತ್ತು ಕಪ್ಪೆಗಳು. ಜಯಮ್ಮ ಕೆಸರೆಯವಳು, ಮನೆಯ ಹಿಂದೆ ಮುಂದೆ ಮನೆಗಳಿದ್ದು, ಒಂದು ಸಲ ಕೂಗಿದರೆ ನಾಲ್ಕು ಜನ ಬಾಗಿಲಿಗೆ ಬರುವ ಬೀದಿಯಲ್ಲಿ ಬೆಳೆದವಳು. ಇಲ್ಲಿ ಕೂಗಿದರೆ ಟಿಟ್ಟಿಭ ಹಕ್ಕಿ ಬಿಟ್ಟರೆ ಯಾರೂ ಓಗೊಡುತ್ತಿರಲಿಲ್ಲ. ಊರೊಳಗೆ ಇಲಾಖೆಯದೊಂದು ಮರದ ಡಿಪೋ ಇತ್ತು. ಅಲ್ಲಿನ ಗಾರ್ಡುಗಳಿಗೆ ಬೀದಿಯಲ್ಲಿ ಮನೆ, ಕರೆಂಟು ದೀಪ, ಹತ್ತಿರದಲ್ಲೇ ಮಾರ್ಕೆಟ್ಟು. ಅಲ್ಲಿಗೆ ವರ್ಗ ಮಾಡಿಸಿಕೊಳ್ಳಿ ಎಂಬುದು ಅವಳ ನಿತ್ಯದ ಮಂತ್ರ. “ಎಂಗಾದ್ರೂ ಮಾಡಿ ಡಿಪೋಗೆ ಹಾಕಿಸ್ಕೊಳಿ ಕಣ್ರೀ. ಈ ಕಪ್ಪೆಗಳ ಜೊತೆ ಎಷ್ಟು ಅಂತ ಮಾತಾಡ್ಲಿ?” ಎನ್ನುವಳು. ನಾನು ಪ್ರತಿ ಸಲ ಹೂಂ ಎನ್ನುವೆ, ಅರ್ಜಿ ಕೊಟ್ಟಿದ್ದೇನೆ ಎನ್ನುವೆ. ಅರ್ಜಿ ಕೊಟ್ಟದ್ದೂ ನಿಜ. ಆದರೆ ಸಾಹೇಬರು ಅದನ್ನು ಮರೆತಾಗ ನೆನಪಿಸುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ನನಗೆ ಆ ಹಳ್ಳ ಬಿಟ್ಟು ಎಲ್ಲೂ ಹೋಗಲು ಇಷ್ಟವಿರಲಿಲ್ಲ, ಅಷ್ಟೆ.

ನನ್ನ ಮೊದಲ ಮೇಲಧಿಕಾರಿ ಲಾಯದ ಉಸ್ತುವಾರಿ ನೋಡುತ್ತಿದ್ದ ದಾರೋಗ ಸಾಹೇಬರು. ಸ್ವಾತಂತ್ರ್ಯ ಬಂದ ವರ್ಷ ಕಾವಲು ಇನ್ನೂ ಅವರ ಸುಪರ್ದಿನಲ್ಲೇ ಇತ್ತು. ಬಿಳಿ ಗಡ್ಡ, ಇಸ್ತ್ರಿ ಮುರಿಯದ ಶೇರ್ವಾನಿ. ಹುಲ್ಲು ಕೊಯ್ಲಿಗೆ ಬಂದಿದೆಯೋ ಇಲ್ಲವೋ ತಿಳಿಯುವುದಕ್ಕೆ ಅವರ ಹತ್ತಿರ ಇದ್ದದ್ದು ಒಂದೇ ವಿಧಾನ. ಒಂದು ಹಿಡಿ ಕಿತ್ತು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನಕ್ಕೆ ಅಗಿಯುವುದು. ಮೊದಲ ದಿನ ನನಗೂ ಒಂದು ಹಿಡಿ ಕೊಟ್ಟರು. ನಾನು ಹಿಂದೆ ಮುಂದೆ ನೋಡಿದೆ.

“ಕುದುರೆ ತಿನ್ತದೆ, ನಿಂಗೇನು ಬಂದಿದೆ? ಅಗಿ,” ಎಂದರು.

ಅಗಿದೆ. “ಹೆಂಗಿದೆ?” ಎಂದು ಕೇಳಿದರು. “ಹುಲ್ಲಿನ ಹಾಗಿದೆ ಸಾಹೇಬ್ರೇ,” ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, “ನೀನು ಕತ್ತೆ. ಕುದುರೆಗೆ ಬಹಳ ದೂರ ಇದ್ದೀಯ,” ಎಂದುಬಿಟ್ಟರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನನಗೂ ರುಚಿ ಹತ್ತಿತು. ಸಿಹಿ ಯಾವುದು, ಸಪ್ಪೆ ಯಾವುದು, ಬಲಿತದ್ದು ಯಾವುದು ಎಂದು ನಾಲಗೆಗೇ ಗೊತ್ತಾಗುತ್ತಿತ್ತು. ಒಂದು ದಿನ ಜಯಮ್ಮ ಬಡಿಸಿದ ಸೊಪ್ಪಿನ ಸಾರಿಗೆ ‘ಇನ್ನೆಂಟು ದಿನ ಬಿಟ್ಟು ಕೊಯ್ಯಬೇಕಿತ್ತು’ ಎಂದೆ. ಆ ರಾತ್ರಿ ನನಗೆ ಮಜ್ಜಿಗೆ ಬೀಳಲಿಲ್ಲ.

ದಾರೋಗರದ್ದು ಇನ್ನೊಂದು ಕಟ್ಟಳೆ ಇತ್ತು. ಜೌಗಿನಲ್ಲಿ ಟಿಟ್ಟಿಭದ ಮರಿಗಳು ಎದ್ದು ಓಡಾಡುವ ತನಕ ಯಾರೂ ಕುಡುಗೋಲು ಎತ್ತುವ ಹಾಗಿಲ್ಲ. ಯಾಕೆ ಎಂದರೆ ಕಾರಣ ಹೇಳುತ್ತಿರಲಿಲ್ಲ. “ಅವಕ್ಕೆ ಬಾಣಂತನ. ನಿನ್ನ ಮನೇಲಿ ಬಾಣಂತಿ ಇದ್ರೆ ಚಾಪೆ ಎಳೀತೀಯಾ?” ಎನ್ನುವರು. ಕಾವಲು ಅರಣ್ಯ ಇಲಾಖೆಗೆ ಬಂದ ಮೇಲೂ ನಾನು ಅದನ್ನು ಬಿಡಲಿಲ್ಲ. ಯಾವ ಸಾಹೇಬರು ಕೇಳಿದರೂ ‘ಬಾಣಂತನ ಸಾರ್’ ಎನ್ನುತ್ತಿದ್ದೆ. ಒಬ್ಬರಂತೂ ನನ್ನ ಹೆಂಡತಿಗೆ ಎಂದು ತಿಳಿದು ಹದಿನೈದು ದಿನ ರಜ ಮಂಜೂರು ಮಾಡಿದರು. ನಾನು ಬೇಡ ಎನ್ನಲಿಲ್ಲ.

ಆಮೇಲೆ ಬಂದವರು ಒಬ್ಬ ರೇಂಜರು, ನಮ್ಮ ಊರಿನವರೇ, ಹೆಸರು ಬೇಡ. ಕಾನೂನು ಎಂದರೆ ಅವರಿಗೆ ಪ್ರಾಣ. “ನೋಡಯ್ಯಾ, ಕಾವಲೊಳಗೆ ದನ ಬಂತೋ, ಯಾರದು ಅಂತ ಕೇಳಬೇಡ. ದೊಡ್ಡಿಗೆ ಹೊಡಿ. ನನ್ನ ಅಪ್ಪನದೇ ಆಗ್ಲಿ, ಹೊಡಿ,” ಎಂದರು. ಹೊಸ ಹುರುಪು, ಹೊಡೆದೆ. ಕೊಬ್ಬಿದ ಒಂದು ಎಮ್ಮೆ, ಜೌಗಿನ ನಡುವೆ ಕತ್ತಿನವರೆಗೆ ಮುಳುಗಿ ಸ್ವರ್ಗಸುಖ ಅನುಭವಿಸುತ್ತಿತ್ತು. ಅದನ್ನು ಎಬ್ಬಿಸುವಷ್ಟರಲ್ಲಿ ನಾನೂ ಎಮ್ಮೆಯ ಬಣ್ಣಕ್ಕೆ ತಿರುಗಿದ್ದೆ. ದೊಡ್ಡಿಯಲ್ಲಿ ಕಟ್ಟಿ ಮನೆಗೆ ಬಂದು ಮಲಗಿದೆ.

ಮಾರನೆಯ ಬೆಳಿಗ್ಗೆ ರೇಂಜರು ಸೈಕಲ್ಲಿನಲ್ಲಿ ಬಂದರು. ತಲೆ ಬಾಚಿರಲಿಲ್ಲ, ಮುಖ ಸಪ್ಪಗಿತ್ತು.

“ನಿನ್ನೆ ಎಮ್ಮೆ ಹಿಡಿದೆಯಂತೆ?”

“ಹೌದು ಸಾರ್. ಯಾರದು ಅಂತಲೂ ಕೇಳ್ಲಿಲ್ಲ.”

“ಕೇಳಬೇಕಾಗಿತ್ತು ಕಣಯ್ಯ,” ಎಂದು ಕಲ್ಲಿನ ಮೇಲೆ ಕುಳಿತರು. “ಅದು ಹಾಲಿನ ನಿಂಗಮ್ಮನ ಎಮ್ಮೆ. ನಮ್ಮನೆಗೆ ಹಾಲು ಹಾಕೋದು ಅವಳೇ. ಬೆಳಿಗ್ಗೆಯಿಂದ ಕಾಫಿ ಇಲ್ಲ.”

ಜಯಮ್ಮ ಒಳಗಿನಿಂದ ಬೆಲ್ಲದ ಕಾಫಿ ತಂದುಕೊಟ್ಟಳು. ಅದನ್ನು ಕುಡಿದು ಅವರು ಸುಮಾರು ಹೊತ್ತು ಕಾನೂನಿಗೂ ಮನುಷ್ಯತ್ವಕ್ಕೂ ಇರುವ ಸಂಬಂಧದ ಬಗ್ಗೆ ಮಾತಾಡಿದರು. ನಿಂಗಮ್ಮನ ಎಮ್ಮೆ ಮಧ್ಯಾಹ್ನಕ್ಕೆ ಬಿಡುಗಡೆಯಾಯಿತು, ಸಂಜೆಗೆ ಮತ್ತೆ ಜೌಗಿನಲ್ಲಿತ್ತು. ಆ ಎಮ್ಮೆಗೆ ನಾನು ಮುಂದೆ ಎಂದೂ ಏನೂ ಅನ್ನಲಿಲ್ಲ. ಅದು ನನ್ನನ್ನು ನೋಡುವ ನೋಟದಲ್ಲೇ ಅದಕ್ಕೆ ಎಲ್ಲ ಗೊತ್ತಾಗಿದೆ ಎನಿಸುತ್ತಿತ್ತು.

ಅದೇ ರೇಂಜರ ಕಾಲದಲ್ಲಿ ಗಿಡ ನೆಡುವ ಹೊಸ ಹುಚ್ಚು ಬಂತು. ಎಲ್ಲಿ ಖಾಲಿ ಜಾಗ ಕಂಡರೂ ನೀಲಗಿರಿ. ಅವರ ಕಣ್ಣಿಗೆ ನಮ್ಮ ಹುಲ್ಲಿನ ಜೌಗು ಖಾಲಿ ಜಾಗವಾಗಿ ಕಂಡಿತು. ನೀಲಗಿರಿ ಬೇರು ಬಿಟ್ಟರೆ ಹಳ್ಳದ ನೀರನ್ನೆಲ್ಲ ಹೀರಿಬಿಡುತ್ತದೆ ಎಂದು ಯಾರೋ ನನ್ನ ಕಿವಿಗೆ ಹಾಕಿದ್ದರು. ರೇಂಜರು ಊರಿನ ದೊಡ್ಡ ಮನುಷ್ಯರೊಬ್ಬರನ್ನು ಕರೆಸಿ, ಶಾಮಿಯಾನ ಹಾಕಿಸಿ, ಸಭೆ ಮಾಡಿದರು. ದೊಡ್ಡ ಮನುಷ್ಯರು ಮೊದಲ ಗಿಡ ನೆಡಲು ಜೌಗಿಗೆ ಹೆಜ್ಜೆ ಇಟ್ಟರು. ಎರಡನೆಯ ಹೆಜ್ಜೆಗೆ ಮೊಣಕಾಲಿನವರೆಗೆ ಹೂತುಹೋದರು. ಅವರನ್ನು ಎಳೆಯಲು ಹೋದ ಗುಮಾಸ್ತರು ಸೊಂಟದವರೆಗೆ. ಇಬ್ಬರನ್ನೂ ಶಾಮಿಯಾನದ ಹಗ್ಗ ಬಿಚ್ಚಿ ಎಳೆಯಬೇಕಾಯಿತು, ಹಗ್ಗ ಬಿಚ್ಚಿದ್ದರಿಂದ ಶಾಮಿಯಾನ ಉಳಿದವರ ಮೇಲೆ ಬಿತ್ತು. ಅಂದು ನೆಟ್ಟ ಸಸಿಗಳೆಲ್ಲ ಒಂದೇ ಮಳೆಗೆ ಬುಡ ಕೊಳೆತು ಮಲಗಿದವು. ನಾನು ಸುಮ್ಮನೆ ಅತ್ತಿತ್ತ ನೋಡಿಕೊಂಡು ಇದ್ದೆ, ಹೊಟ್ಟೆಯೊಳಗೆ ಹಾಲು ಕುಡಿದಷ್ಟು ಸಂತೋಷ.

ಇಷ್ಟೆಲ್ಲ ದಾಟಿಕೊಂಡು ಬಂದ ಹಳ್ಳಕ್ಕೆ ನಿಜವಾದ ಗಂಡಾಂತರ ಬಂದದ್ದು ಒಬ್ಬ ಒಳ್ಳೆಯ ಮನುಷ್ಯನಿಂದ. ರಾಜ್ಯ ಒಂದಾದ ಮೇಲೆ ಆಚೆ ಸೀಮೆಯ ನೌಕರರು ಈಚೆಗೂ ಈಚೆಯವರು ಆಚೆಗೂ ವರ್ಗವಾಗುತ್ತಿದ್ದರು. ಹಾಗೆ ಧಾರವಾಡದ ಕಡೆಯಿಂದ ನಮಗೆ ರೇಂಜರಾಗಿ ಬಂದವರು ಪಾಟೀಲರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ, ಮಗುವಿನ ಮನಸ್ಸು. ಅವರ ಮಾತು ನಮಗೆ ಅರ್ಧ ತಿಳಿಯುತ್ತಿತ್ತು, ನಮ್ಮದು ಅವರಿಗೆ ಕಾಲು. ಒಂದು ಸಲ ನಾನು ‘ಬಂದ್ಬುಡ್ತೀನಿ ಸಾರ್’ ಎಂದದ್ದಕ್ಕೆ “ಬಂದು ಏನ್ ಬಿಡ್ತೀರಿ?” ಎಂದು ಕೇಳಿದ್ದರು. ಹಳ್ಳ ಎಂದರೆ ಅವರಿಗೆ ಬಲು ಪ್ರೀತಿ. ಬಂದಾಗಲೆಲ್ಲ ಬೂಟು ಬಿಚ್ಚಿ ನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತು, “ನಮ್ಮೂರಾಗೂ ಹಿಂಗ ಒಂದು ಹಳ್ಳ ಐತ್ರಿ,” ಎನ್ನುವರು.

ಒಂದು ಶನಿವಾರ ಅವರು ಬಂದರು. ಬೂಟು ಬಿಚ್ಚಲಿಲ್ಲ.

“ಗೌಡ್ರ, ಒಂದು ಕೆಟ್ಟ ಸುದ್ದಿ. ಸೊಳ್ಳಿ ಕಚೇರಿಯಿಂದ ಹುಕುಂ ಬಂದೈತಿ. ಹಳ್ಳ ಮುಚ್ಚಬೇಕಂತ.”

“ಯಾವ ಹಳ್ಳ ಸಾರ್?”

“ನಮ್ಮ ಹತ್ರ ಇನ್ಯಾವ ಹಳ್ಳ ಐತ್ರೀ? ಇದಽ.”

ಆ ಕಾಲದಲ್ಲಿ ಸೊಳ್ಳೆ ಕಚೇರಿಯವರು ಮಲೇರಿಯಾ ಓಡಿಸುತ್ತೇವೆ ಎಂದು ಊರೆಲ್ಲ ಓಡಾಡುತ್ತಿದ್ದರು. ಮನೆಮನೆಗೂ ನುಗ್ಗಿ ದೇವರ ಪಟದ ಹಿಂದಕ್ಕೂ ಮದ್ದು ಹೊಡೆಯುತ್ತಿದ್ದರು. ಆದ್ದರಿಂದ ಹರಿಯುವ ತೊರೆಯನ್ನೇ ಮುಚ್ಚುತ್ತಾರೆ ಎಂದರೆ ನಾನು ನಂಬಿದೆ. ಪಾಟೀಲರು ಹೆಗಲ ಮೇಲೆ ಕೈ ಇಟ್ಟರು. “ಹರಿಯೂ ನೀರಿಗೆ ಮಣ್ಣು ಹಾಕೂದು ನನಗೂ ಸೇರಂಗಿಲ್ಲ. ಏನ್ ಮಾಡೂದು, ನಿಮ್ಮ ಮೈಸೂರಿನ ರೀತಿ ಹಿಂಗ ಇರಬೇಕು ಅಂತ ತಿಳಕೊಂಡೆ. ಸೋಮವಾರ ಲಾರಿ ಬರ್ತಾವ. ಹಳ್ಳಾನ ಇಲ್ಲಂದ ಮ್ಯಾಲ ನಿಮಗಿಲ್ಲೇನು ಕೆಲಸ? ಊರಾಗಿನ ಡಿಪೋಕ್ಕ ಹಾಕಸ್ತೇನಿ, ಚಿಂತಿ ಮಾಡಬ್ಯಾಡ್ರಿ,” ಎಂದರು.

ಮನೆಗೆ ಹೋಗಿ ಜಯಮ್ಮನಿಗೆ ಹೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಡಿಪೋ ಮನೆ ಸಿಕ್ತದಾ?”

“ಸಿಕ್ತದಂತೆ.”

“ಹೂಂ,” ಎಂದಳು.

ನನಗೆ ಮೈಯೆಲ್ಲ ಉರಿಯಿತು. “ಸಂತೋಷ ಆಯ್ತಾ?” ಎಂದೆ.

“ಆಗ್ದೆ ಏನು? ಎಷ್ಟು ವರ್ಷದಿಂದ ಕೇಳ್ತಿಲ್ವಾ?” ಎಂದು ಮೊರವನ್ನು ಎತ್ತಿ ಕೇರತೊಡಗಿದಳು. ನಾನು ಭಾನುವಾರ ಪೂರ್ತಿ ಅವಳ ಜೊತೆ ಮಾತಾಡಲಿಲ್ಲ. ಜೌಗಿನ ಅಂಚಿನಲ್ಲಿ ಸುತ್ತಿದೆ. ನಿಂಗಮ್ಮನ ಎಮ್ಮೆ ಒಂದು ಇತ್ತು, ಅದರ ಪಕ್ಕದಲ್ಲೇ ಕುಳಿತಿದ್ದೆ. ಅಳು ಬಂತು, ಅತ್ತುಬಿಟ್ಟೆ. ಎಮ್ಮೆಯ ಮುಂದೆ ಅಳುವುದರಲ್ಲಿ ನಾಚಿಕೆ ಏನು.

ಸೋಮವಾರ ಬೆಳಿಗ್ಗೆ ಕಲ್ಲು ಮಣ್ಣು ತುಂಬಿದ ಲಾರಿಗಳು ಬಂದವು. ಕೂಲಿಯವರು ದಡದಲ್ಲಿ ಕಲ್ಲು ಸುರಿದು ಸಾಲಾಗಿ ನಿಂತರು. ಪಾಟೀಲರು ಹಳ್ಳಕ್ಕೆ ಬೆನ್ನು ಹಾಕಿಕೊಂಡು ನಿಂತಿದ್ದರು. ‘ಶುರು ಮಾಡ್ರಿ’ ಎನ್ನಬೇಕು, ಗಂಟಲು ಕೆರೆದುಕೊಳ್ಳುತ್ತಾರೆ, ಮೀಸೆ ತಿರುವುತ್ತಾರೆ, ಅನ್ನುವುದಿಲ್ಲ.

ಅಷ್ಟರಲ್ಲಿ ದಿಬ್ಬದ ಮೇಲಿಂದ ಜಯಮ್ಮ ಇಳಿದು ಬಂದಳು. ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು. ಕೈಯಲ್ಲಿ ಒಂದರ ಮೇಲೊಂದು ಮುಚ್ಚಿದ ಜೋಡಿ ಮೊರ, ಅರಿಶಿನ ಹಚ್ಚಿದ್ದು. ಮದುವೆಯಾದ ಹೆಣ್ಣುಮಕ್ಕಳು ಗೌರಿ ಹಬ್ಬದಲ್ಲಿ ತಾಯಿಗೆ ಕೊಡುವ ಬಾಗಿನ. ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ. ಅವಳು ಯಾರನ್ನೂ ನೋಡದೆ ಕೂಲಿಯವರ ಮಧ್ಯೆ ನುಸುಳಿ, “ಸ್ವಲ್ಪ ತಡ್ಕೊಳ್ರಪ್ಪ. ಕೊಟ್ಬುಟ್ಟು ಬಂದ್ಬುಡ್ತೀನಿ. ಆಮೇಲೆ ಮುಚ್ಕೊಳಿ,” ಎಂದಳು.

ಲಾರಿಯ ಮೇಸ್ತ್ರಿ, “ಇದೇನಮ್ಮ, ಹಬ್ಬಕ್ಕೆ ಇನ್ನೂ ಎಷ್ಟೋ ದಿನ ಇದೆ,” ಎಂದ.

“ಹಬ್ಬದ ಹೊತ್ತಿಗೆ ಇವಳು ಇರ್ತಾಳಾ? ಅದಕ್ಕೇ ಈಗ್ಲೇ ಕೊಡ್ತಿರೋದು.”

ಪಾಟೀಲರು ತಿರುಗಿದರು. “ಯಾರಿಗವ್ವಾ?”

“ಇವಳಿಗೇ ಸಾರ್,” ಎಂದು ನೀರಿನ ಕಡೆ ತೋರಿಸಿದಳು. “ನಮ್ಮವ್ವ ಸತ್ತೋದ್ಮೇಲೆ ಬಾಗಿನ ಕೊಡೋಕೆ ನಂಗೆ ಯಾರೂ ಇರ್ಲಿಲ್ಲ. ಅವತ್ತಿಂದ ಇವಳಿಗೇ ಕೊಡ್ತಿದೀನಿ. ಒಂದು ತಾಯಿನ ಮಣ್ಣಿಗೆ ಹಾಕಿದ್ದು ಆಯ್ತು. ಇವಳ್ನೂ ನೀವು ಹಾಕ್ತೀರಿ. ಬರಿಗೈಲಿ ಎಂಗೆ ಕಳಿಸ್ಲಿ?”

ನಾನು ಆ ಕಾವಲಿನ ಗಾರ್ಡು. ಮೊಲ ಮಗ್ಗಲು ಬದಲಿಸಿದರೂ ನನಗೆ ಗೊತ್ತಾಗುತ್ತದೆ ಎಂದು ಸಾಹೇಬರುಗಳ ಮುಂದೆ ಜಂಬ ಕೊಚ್ಚಿದವನು. ನನ್ನ ಹೆಂಡತಿ ವರ್ಷವರ್ಷವೂ ನನ್ನ ಹಳ್ಳಕ್ಕೆ ಇಳಿದು ಬಾಗಿನ ಬಿಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅವಳು ಮಂಡಿಯವರೆಗೆ ನೀರಿಗಿಳಿದು, ಮೊರವನ್ನು ನೀರಿನ ಮೇಲಿಟ್ಟು, ಸೆರಗು ಒಡ್ಡಿ ನಮಸ್ಕಾರ ಮಾಡಿದಳು. ಕೂಲಿಯವರಲ್ಲಿ ಒಬ್ಬ ಬಾಂಡ್ಲಿ ಕೆಳಗಿಟ್ಟು ಕೈ ಮುಗಿದ. ಆಮೇಲೆ ಎಲ್ಲರೂ ಇಟ್ಟರು.

ಪಾಟೀಲರು ಟೋಪಿ ತೆಗೆದರು. ಕಣ್ಣಲ್ಲಿ ನೀರು ಧಾರಾಕಾರ. “ನಾ ಮುಚ್ಚಂಗಿಲ್ಲ,” ಎಂದರು. “ನೌಕರಿ ಹೋದ್ರ ಹೋಗ್ಲಿ. ನಮ್ಮವ್ವಗ ಏನಂತ ಮಾರಿ ತೋರಸ್ಲಿ? ಕಲ್ಲ ತುಂಬ್ರೋ ಲಾರಿಗೆ, ನಡೀರಿ.”

ಈ ಗಲಾಟೆಯ ನಡುವೆ ಸೈಕಲ್ಲಿನಲ್ಲಿ ಬಂದಿಳಿದವರು ಸೊಳ್ಳೆ ಕಚೇರಿಯ ಇನ್ಸ್‌ಪೆಕ್ಟರು ಶೇಷಾಚಾರ್ಯರು. ನಮ್ಮ ಮೈಸೂರಿನವರೇ, ಹಣೆಯ ಮೇಲೆ ನಾಮ, ಕಚ್ಚೆಗೆ ಕ್ಲಿಪ್ಪು.

“ಇಲ್ಲಿ ಯಾಕ್ರೀ ಕಲ್ಲು ಸುರ್ಸಿದೀರಿ? ಹಳ್ಳ ಎಲ್ಲಿ?”

“ಇದಽ ಹಳ್ಳ,” ಎಂದರು ಪಾಟೀಲರು, ಎದೆ ಮುಂದೆ ಮಾಡಿ. “ನಾ ಮುಚ್ಚಂಗಿಲ್ಲ.”

“ಇದು ನೀರು ಹರಿಯೋ ತೊರೆ ಅಲ್ವೇನ್ರೀ. ಇದನ್ನ ಯಾರು ಮುಚ್ಚು ಅಂದ್ರು? ನಾನು ಹೇಳಿದ್ದು ಹಳ್ಳ, ಹಳ್ಳ. ಮಳೆ ನೀರು ನಿಂತು ಸೊಳ್ಳೆ ಮರಿ ಮಾಡೋ ಹಳ್ಳ.”

“ಹಳ್ಳದಾಗ ನೀರು ನಿಲ್ಲಂಗಿಲ್ರೀ, ಹರೀತದ. ಹರಿದ್ರಽ ಅದಕ್ಕ ಹಳ್ಳ ಅಂತಾರ.”

“ಹರಿದ್ರೆ ಅದು ಎಂಥ ಹಳ್ಳ ಕಣ್ರೀ? ಅಲ್ನೋಡಿ, ರಸ್ತೆಗೆ ಮಣ್ಣು ತೆಗೆದು ಬಿಟ್ಟಿದ್ದಾರಲ್ಲ, ಆ ಗುಂಡಿಗಳು. ಅವೇ ಹಳ್ಳ.”

“ಅವು ತಗ್ಗು,” ಎಂದರು ಪಾಟೀಲರು.

“ಅವು ಹಳ್ಳ,” ಎಂದರು ಆಚಾರ್ಯರು.

ಆಗ ನನಗೆ ತಲೆಯೊಳಗೆ ಬೆಳಕಾಯಿತು. ನಮ್ಮ ಕಡೆ ತೊರೆಗೂ ಹಳ್ಳ ಎನ್ನುತ್ತೇವೆ, ಗುಂಡಿಗೂ ಹಳ್ಳ ಎನ್ನುತ್ತೇವೆ. ಧಾರವಾಡದ ಕಡೆ ಗುಂಡಿಗೆ ತಗ್ಗು, ಹಳ್ಳ ಎಂದರೆ ಹರಿಯುವ ನೀರು ಮಾತ್ರ. ಆಚಾರ್ಯರು ಗುಂಡಿ ಮುಚ್ಚಿ ಎಂದು ಬರೆದರು, ಪಾಟೀಲರು ತೊರೆ ಮುಚ್ಚಿ ಎಂದು ಓದಿದರು. ನಾನೋ ಎಷ್ಟೋ ವರ್ಷದಿಂದ ಎಲ್ಲರ ಬಾಯಲ್ಲೂ ‘ಹಳ್ಳದ ಗಾರ್ಡು’. ಆ ಮಾತಿಗೆ ಇನ್ನೊಂದು ಅರ್ಥ ಇದೆ ಎನ್ನುವುದೇ ನನಗೆ ಮರೆತುಹೋಗಿತ್ತು.

ವಿಷಯ ಬಿಡಿಸಿ ಹೇಳಿದೆ. ಪಾಟೀಲರು ನಗತೊಡಗಿದರು. ಎಷ್ಟು ನಕ್ಕರು ಎಂದರೆ ಜೌಗಿನಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಆಚಾರ್ಯರು ಮಾತ್ರ ನಗಲಿಲ್ಲ. ಹೋಗುವಾಗಲೂ “ತಗ್ಗಂತೆ, ತಗ್ಗು,” ಎಂದು ಗೊಣಗುತ್ತಲೇ ಸೈಕಲ್ ಹತ್ತಿದರು. ಅವರ ಗುಂಡಿಗಳನ್ನು ಅದೇ ವಾರ ಮುಚ್ಚಿಸಿದೆವು.

ಪಾಟೀಲರು ಜಯಮ್ಮನ ಹತ್ತಿರ ಹೋದರು. “ತಂಗೀ, ನಿನಗೇನ್ ಬೇಕು ಕೇಳು. ಡಿಪೋಕ್ಕ ಹೋಗೂದಂತ ಗೌಡ್ರ ಅರ್ಜಿ ಐತಿ. ನಾಳೆನ ಮಾಡಿಸಿಕೊಡ್ತೇನಿ.”

ಇಷ್ಟು ವರ್ಷ ಅವಳು ಕೇಳಿದ್ದು ಅದೊಂದೇ. ಬೇಡ ಎನ್ನು ಎಂದು ಹೇಳಲು ನನಗೆ ಯಾವ ಮುಖವಿತ್ತು? ಅವಳು ಒದ್ದೆ ಸೀರೆಯ ನೆರಿಗೆ ಹಿಂಡುತ್ತಿದ್ದಳು.

“ಇಲ್ಲಿ ಇಳಿಯೋಕೆ ಜಾರ್ತದೆ ಸಾರ್,” ಎಂದಳು. “ಆ ಕಲ್ಲು ಹೆಂಗೂ ತಂದಿದೀರಿ. ನಾಲ್ಕು ಮೆಟ್ಲು ಮಾಡಿಸ್ಕೊಟ್ರೆ, ಮುಂದೆ ವಯಸ್ಸಾದಾಗ ಅನುಕೂಲ ಆಗ್ತದೆ.”

ಮೆಟ್ಟಿಲಾಯಿತು. ಡಿಪೋ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಕಪ್ಪೆಗಳನ್ನು ಬೈಯುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ. ಪಾಟೀಲರು ವರ್ಗವಾಗಿ ಅವರ ಸೀಮೆಗೆ ಹೋದರು, ಬೇರೆಯವರು ಬಂದರು. ಹಾಗೇ ನಡೆದುಕೊಂಡು ಬಂದು ನನಗೂ ವಯಸ್ಸಾಯಿತು, ಕಾವಲನ್ನು ಇನ್ನೊಬ್ಬರಿಗೆ ಒಪ್ಪಿಸಿ ಅಶೋಕಪುರಂನಲ್ಲಿ ಬಾಡಿಗೆ ಮನೆ ಹಿಡಿದೆವು. ಹಿಂದೆ ಮುಂದೆ ಮನೆ, ಬೀದಿ ತುಂಬ ಜನ, ಸ್ವಿಚ್ಚು ಒತ್ತಿದರೆ ದೀಪ, ಅಂಗಳದಲ್ಲಿ ನಲ್ಲಿ. ಜಯಮ್ಮ ಖುಷಿಯಾಗಿದ್ದಾಳೆ ಎಂದುಕೊಂಡೆ.

ಆ ವರ್ಷ ಗೌರಿ ಹಬ್ಬದ ಬೆಳಿಗ್ಗೆ ಎದ್ದು ನೋಡಿದರೆ ಅವಳು ಅರಿಶಿನದ ಮೊರ ಹಿಡಿದು ಅಂಗಳದಲ್ಲಿ ನಿಂತಿದ್ದಳು. ನಲ್ಲಿಯಲ್ಲಿ ಬೆಳಗಿನ ನೀರು ಬರುತ್ತಿತ್ತು, ಅದನ್ನೇ ನೋಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಮದುವೆಯಾಗಿ ತೌರು ಬಿಟ್ಟು ಬಂದ ದಿನವೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ.

“ಏನಾಯ್ತೇ?” ಎಂದೆ.

“ನಲ್ಲಿಗೆ ಬಾಗಿನ ಕೊಡೋಕಾಗ್ತದೇನ್ರೀ?” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. “ಅಂಗೇ ನಿಂತಿದೀರಲ್ಲ. ಅಂಗಿ ಹಾಕ್ಕೊಳಿ, ಇಲವಾಲದ ಬಸ್ಸು ಹೋಗ್ಬುಡ್ತದೆ.”